ಏರುಮೀನಿಗೆ ಒಂದು ಸಾಲು

ಮೀನಿನ ದರ ಬರೆಯುವ ಕೆಲಸ ನನ್ನ ಪಾಲಿಗೆ ಬಂದ ದಿನ ಅತ್ತುಬಿಟ್ಟೆ. ಮುರಗೋಡದ ಶಿವಪೂಜೆಯ ಮನೆಯವಳು ನಾನು; ನಮ್ಮಲ್ಲಿ ತತ್ತಿಯ ಹೆಸರನ್ನೂ ಎತ್ತುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆ, ಸವದತ್ತಿಯ ಸರಕಾರಿ ಕಚೇರಿಯಲ್ಲಿ ಹೊಸ ನೌಕರಿ, ಬೇಡ ಅನ್ನುವ ಹಾಗಿರಲಿಲ್ಲ. ವಾರಕ್ಕೊಮ್ಮೆ ಸಂತೆಗೆ ಹೋಗಿ ದರ ಬರೆದು ತರಬೇಕು. ಆ ಯಾದಿಯ ದರಕ್ಕೇ ಮೀನು ಮಾರಾಟ ಸಂಘದವರು ಮೀನುಗಾರರಿಂದ ಕೊಳ್ಳುತ್ತಿದ್ದರು.

ಯಾದಿಯಲ್ಲಿದ್ದದ್ದು ಒಂದೇ ಸಾಲು: ಮೀನು. ಸಂತೆಯಲ್ಲಿ ಮೀನಿನ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಮುದುಕಿ ಅದನ್ನು ಕೇಳಿ ನಕ್ಕಳು.

"ಜ್ವಾಳಾ ಗೋದಿ ಎಲ್ಲಾ ಕೂಡಿಸಿ ಕಾಳು ಅಂತ ಬರೀತೀರೇನ್ರಿ ಅಕ್ಕಾರ?"

ನನಗೆ ಸಿಟ್ಟು ಬಂತು. ಅವಳು ಎರಡು ಮೀನು ತೆಗೆದಿಟ್ಟಳು. ಒಂದು, ಆಣೆಕಟ್ಟಿನ ನೀರಿಗೆ ಮರಿ ಬಿಟ್ಟು ಬೆಳೆಸಿದ್ದು. ಇನ್ನೊಂದು, ಹೊಸನೀರು ಬಂದಾಗ ತತ್ತಿ ಇಡಲು ಬೈಲಹೊಂಗಲದ ಕಡೆಗೆ ಹೊಳೆ ಏರುವ ಮೀನು. ಅದಕ್ಕಾಗಿ ಅವಳ ಮಕ್ಕಳು ಸೆಳವಿನಲ್ಲಿ ಎದೆಮಟ್ಟ ನಿಲ್ಲಬೇಕು. ಎರಡಕ್ಕೂ ಒಂದೇ ದರವಾದರೆ ಆ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಮುಟ್ಟಿ ನೋಡ್ರಿ, ತಿಳೀತೈತಿ" ಅಂದಳು.

ಕಣ್ಣು ಮುಚ್ಚಿ ಮುಟ್ಟಿದೆ. ಆಣೆಕಟ್ಟಿನದು ಬೆರಳಿಗೆ ಮೆತ್ತಗಾಯಿತು, ಏರುಮೀನಿನ ಮೈ ಗಟ್ಟಿಯಾಗಿತ್ತು. ಅಕ್ಷರ ಬಾರದ ಆ ಮುದುಕಿಯ ಮೇಲೆ ಆಗ ಹುಟ್ಟಿದ ಗೌರವ ನನಗೆ ಯಾವ ಮಾಸ್ತರರ ಮೇಲೂ ಹುಟ್ಟಿರಲಿಲ್ಲ.

ಯಾದಿಯಲ್ಲಿ ಹೊಸ ಗೆರೆ ಎಳೆದು 'ಏರುಮೀನು' ಎಂದು ಬರೆದೆ, ದರ ಎರಡರಷ್ಟು. ಕಚೇರಿಯ ಸಾಹೇಬರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

"ಮೀನದಾಗೂ ಜಾತಿ ತಂದ್ಯೇನವಾ?"

ಸುದ್ದಿ ಹೇಳುವಾಗ ನನಗೇ ನಾಚಿಕೆಯಾಯಿತು. ಮುದುಕಿ ಬೈಯಲಿಲ್ಲ. ಸಂಘಕ್ಕೆ ಏರುಮೀನು ಕೊಡುವುದನ್ನೇ ಬಿಟ್ಟು, ಬುಟ್ಟಿ ಹೊತ್ತು ಯರಗಟ್ಟಿಗೆ ಹೋಗಿ ತನ್ನ ದರಕ್ಕೇ ಮಾರತೊಡಗಿದಳು. ಎಂಥ ಗಟ್ಟಿಗಿತ್ತಿ!

ಒಂದು ರವಿವಾರ ಅವಳು ಬಸ್ಸು ಕಾಯುತ್ತಿದ್ದಳು. ಊರಿಗೆ ಹೊರಟ ನಾನೂ ಅಲ್ಲೇ ಇದ್ದೆ. ನಮ್ಮ ಕಚೇರಿಯ ಸಿಪಾಯಿ ಚೀಲ ಹಿಡಿದು ಓಡಿಬಂದ.

"ಆಯಿ, ಸಾಹೇಬರ ಮನಿಗೆ ಬೀಗರು ಬಂದಾರ. ಆಣೆಕಟ್ಟಿನ ಮೀನ ಬ್ಯಾಡಂತ, ಏರುಮೀನಾ ಬೇಕಂತ. ರೊಕ್ಕ ಎಷ್ಟರ ಆಗಲಿ."

ಮುದುಕಿ ಬುಟ್ಟಿಯ ಮೇಲಿನ ಅರಿವೆಯನ್ನು ಬಿಗಿ ಮಾಡಿದಳು.

"ಅಂಥಾ ಮೀನ ಇಲ್ಲಂತ ಅವರ ಹೊಡದಹಾಕ್ಯಾರಲ್ಲೋ ತಮ್ಮಾ. ಐತಿ ಅಂತ ಬರದ ಮ್ಯಾಲ ಬಾ."

ಸಿಪಾಯಿ ಬರಿ ಚೀಲ ಹಿಡಿದು ಹೋದ. ಸೋಮವಾರ ನೋಡಿದರೆ ಯಾದಿಯಲ್ಲಿ ಏರುಮೀನಿನ ಸಾಲು ಸಾಹೇಬರ ಅಕ್ಷರದಲ್ಲೇ ಇತ್ತು. ದರವನ್ನು ನಾನು ಬರೆದದ್ದಕ್ಕಿಂತ ಎರಡು ರೂಪಾಯಿ ಹೆಚ್ಚೇ ಹಾಕಿದ್ದರು.