ಉಣ್ಣಲೊಲ್ಲದ ಚಪ್ಪಟೆ ಮೀನು

ಎರಡೂ ಕಣ್ಣು ಮುಖದ ಒಂದೇ ಮಗ್ಗುಲಿಗಿರುವ ಜೀವವನ್ನು ನಾನು ಮೊದಲು ಕಂಡದ್ದು ಪುಣೆಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ. ಕಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಸ್ವಾತಂತ್ರ್ಯಕ್ಕೆ ಇನ್ನೂ ಏಳೆಂಟು ವರ್ಷವಿತ್ತು. ಮುಂಬಯಿಯಿಂದ ಸಮುದ್ರದ ನೀರಿನ ಡಬ್ಬಿಯಲ್ಲಿ, ರೈಲು ಹತ್ತಿ ಬಂದಿದ್ದ ಅಂಗೈಯಗಲದ ಚಪ್ಪಟೆ ಮೀನು ಅದು. ಮರಿಯಾಗಿದ್ದಾಗ ಎಲ್ಲ ಮೀನಿನಂತೆ ನೆಟ್ಟಗೆ ಈಜುತ್ತದಂತೆ. ಆಮೇಲೆ ಒಂದು ಮಗ್ಗುಲಿಗೆ ಒರಗುತ್ತದೆ, ಕೆಳಗಾದ ಕಣ್ಣು ತಲೆ ದಾಟಿ ಇನ್ನೊಂದು ಕಣ್ಣಿನ ಪಕ್ಕಕ್ಕೆ ಬಂದು ನೆಲೆಸುತ್ತದೆ! ಪ್ರೊಫೆಸರರು ಇದನ್ನು ಹೇಳಿದ ದಿನ ಖುಷಿಗೆ ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ರಜೆಯಲ್ಲಿ ಅದನ್ನು ನೋಡಿಕೊಳ್ಳುವ ಕೆಲಸ ನನಗೇ ಸಿಕ್ಕಿತು. ಸಮುದ್ರದ ತಳದ ತಂಪಿನಲ್ಲಿರುವ ಮೀನು, ನೀರು ಕಾಯಬಾರದು ಎಂದು ಪ್ರೊಫೆಸರರು ಹೇಳಿದ್ದರು. ಗಾಜಿನ ತೊಟ್ಟಿಗೆ ಒದ್ದೆ ಗೋಣಿತಾಟು ಸುತ್ತಿ ಸುತ್ತಿ ನನ್ನ ಕೈಯೇ ಮರಗಟ್ಟುತ್ತಿತ್ತು. ಆದರೆ ಮೀನು ಏನನ್ನೂ ತಿನ್ನಲೊಲ್ಲದು. ಶನಿವಾರ ಮಧ್ಯಾಹ್ನದೊಳಗೆ ತಿನ್ನದಿದ್ದರೆ, ಸೊರಗಿ ಸಾಯುವ ಮೊದಲೇ ಅದನ್ನು ಪಾಠಕ್ಕೆ ಕಾದಿಡಲು ಸ್ಪಿರಿಟ್ಟಿನ ಸೀಸೆಗೆ ಹಾಕುವುದೆಂದು ಪ್ರೊಫೆಸರರು ಹೇಳಿಬಿಟ್ಟರು.

ಹುಡುಗಿ ಒಬ್ಬಳೇ ಅಲ್ಲಿ ಕೂಡಬಾರದೆಂದು ಅಪ್ಪ ನನ್ನ ಜೊತೆಗೆ ತನ್ನ ಅಕ್ಕನನ್ನು ಕಳಿಸುತ್ತಿದ್ದ. ನಮ್ಮ ಅತ್ಯಾ ಧಾರವಾಡದ ಕಟ್ಟಾ ಮಡಿಯವಳು. ಬಾಗಿಲ ಹೊರಗೆ ತನ್ನದೇ ಮಣೆ, ತನ್ನದೇ ನೀರಿನ ತಂಬಿಗೆ ಇಟ್ಟುಕೊಂಡು, ಮೀನಿನ ಕಡೆ ಬೆನ್ನು ಮಾಡಿ ಬತ್ತಿ ಹೊಸೆಯುತ್ತಿದ್ದಳು.

ನಾನೋ ಮೀನಿಗೆ ಉಣಿಸಿದ್ದು ನದಿಯ ಘಾಟಿನಲ್ಲಿ ಮಾತ್ರ. ಅಲ್ಲಿಯ ಹಾಗೆಯೇ ಚುರುಮುರಿ ಎರಚಿದೆ. ಅದು ನೀರಿನ ಮೇಲೆ ತೇಲಿತು, ಮೀನು ತಳದ ಉಸುಕಿನಲ್ಲಿ ಹುಗಿದುಕೊಂಡು ಎರಡು ಕಣ್ಣಷ್ಟೇ ಹೊರಗಿಟ್ಟು ನನ್ನನ್ನು ನೋಡಿತು. ಪುಸ್ತಕ ತೆಗೆದು ನೋಡಿದರೆ ಹುಳ ತಿನ್ನುತ್ತದೆ ಎಂದಿತ್ತು. ರಾಮ ರಾಮ ಎನ್ನುತ್ತ ಎರೆಹುಳ ಅಗೆದು, ಕೊಚ್ಚಿ, ಅದರ ಬಾಯಿಯ ಮುಂದೆಯೇ ಹಾಕಿದೆ. ಮುಟ್ಟಲಿಲ್ಲ. ಶನಿವಾರ ಬೆಳಿಗ್ಗೆ ಸಿಟ್ಟು ನೆತ್ತಿಗೇರಿ "ಸಾಯಿ ಹಂಗಾದ್ರ!" ಎಂದು ಕೂಗಿದವಳೇ ಅಳತೊಡಗಿದೆ.

ಅತ್ಯಾ ಎದ್ದು ಒಳಗೆ ಬಂದಳು. ತೊಟ್ಟಿಯಲ್ಲಿ ಇಣುಕಿದಳು.

"ಹಿಂಗ ಮುಂದ ತಂದು ಬಡದರ ಯಾವ ಕೂಸು ಉಣ್ತದ? ನೀ ಉಣ್ಣಲಾರದಾಗ ನಾ ತುತ್ತು ಹಿಡಕೊಂಡು ಓಡ್ತಿದ್ದೆ, ನೀ ಬೆನ್ನ ಹತ್ತಿ ಬರ್ತಿದ್ದಿ. ತುತ್ತು ಓಡಸು!"

ಇಡೀ ಹುಳವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟೆ. ಅದು ಮೀನಿನ ಮುಂದೆ ಸುಮ್ಮನೆ ತೂಗಿತು. ಅತ್ಯಾ ತಡೆಯಲಾರದೆ ದಾರ ಕಸಿದುಕೊಂಡು ಉಸುಕಿನ ಮೇಲೆ ಸರಸರ ಎಳೆದಳು. ಮೀನಿನ ಎರಡೂ ಕಣ್ಣು ಅದರ ಹಿಂದೆ ತಿರುಗಿದವು. ಒಮ್ಮೆಲೇ ಉಸುಕು ಹಾರಿತು, ಹುಳ ಮಾಯ!

"ತಿಂತು! ತಿಂತಲ್ಲಽ!" ಮಡಿ ಗಿಡಿ ಮರೆತು ಅತ್ಯಾ ಹುಳ ಮುಟ್ಟಿದ ನನ್ನ ಕೈ ಹಿಡಿದಳು. ಇಬ್ಬರೂ ತೊಟ್ಟಿಯ ಸುತ್ತ ಕುಣಿದೇ ಕುಣಿದೆವು. ಎರಡನೆಯ ಹುಳ ಇಳಿಬಿಟ್ಟೆವು. ಅರ್ಧ ಒಳಗೆ ಹೋಗಿತ್ತು, ಇನ್ನರ್ಧ ಬಾಯಿಯ ಹೊರಗೆ ಒದ್ದಾಡುತ್ತಿತ್ತು. ಅಷ್ಟರಲ್ಲಿ ಸೀಸೆ ಹಿಡಿದುಕೊಂಡು ಪ್ರೊಫೆಸರರು ಬಂದರು.

ಗಂಡಸರೆದುರು ಬಾಯಿ ತೆರೆಯದ ಅತ್ಯಾ ಸೆರಗು ಸೊಂಟಕ್ಕೆ ಸಿಕ್ಕಿಸಿ ತೊಟ್ಟಿಗೆ ಅಡ್ಡ ನಿಂತಳು. ಅವರು ಕನ್ನಡ ಬಾರದ ಮರಾಠಿಯವರೆಂಬುದೂ ಅವಳಿಗೆ ನೆನಪಾಗಲಿಲ್ಲ.

"ನಿಂದರ್ರಿ! ಊಟಕ್ಕ ಕೂತೋರನ್ನ ನಡುವ ಎಬ್ಬಸ್ತಾರೇನ್ರಿ?"