ಹನ್ನೆರಡು ಅಡಿಯ ಓಣಿ

ಷಹನಾಜ್ ಅವರನ್ನು ನಾನು ಮೊದಲು ಕಂಡದ್ದು ಪ್ಲಿಮತ್‌ನ ಪಾರ್ಕಿನಲ್ಲಿ, 2003ರ ಜೂನ್ ತಿಂಗಳ ಕನ್ನಡಿಗರ ಪಿಕ್ನಿಕ್ಕಿನ ದಿನ. ಮೇಪಲ್ ಮರದ ನೆರಳು ಸರಿದಂತೆಲ್ಲ ಅವರು ಹಿರಿಯರನ್ನು ಎಬ್ಬಿಸಿ ಕುರ್ಚಿಗಳನ್ನು ಎಳೆಯುತ್ತಿದ್ದರು.

"ಏಳ್ರಿ ಅಂಕಲ್, ನೆರಳು ನಿಮ್ಮ ಹಿಂದ ಬರಂಗಿಲ್ಲ. ನೀವ ಅದರ ಹಿಂದ ಹೋಗಬೇಕು!"

ಬಿಜಾಪುರದ ಬಿಸಿಲಿನಲ್ಲಿ ಬೆಳೆದ ಹೆಣ್ಣುಮಗಳು. ನೆರಳಿನ ಬೆಲೆ ಬಲ್ಲವರು. ಲಿವೋನಿಯಾದ ಆಫೀಸೊಂದರಲ್ಲಿ ಮನೆಗಳ ನಕ್ಷೆ ಬರೆಯುವುದು ಅವರ ಕೆಲಸ. ಆ ವರ್ಷ ಕೈಗೆ ಬಂದದ್ದು ಅರಿಜೋನಾ ಮರುಭೂಮಿಯಲ್ಲಿ ಬಡ ಕೆಲಸಗಾರರಿಗಾಗಿ ಅರವತ್ತು ಮನೆಗಳ ಬಡಾವಣೆ. ಅವರು ಮನೆಗಳನ್ನು ಎದುರುಬದುರಾಗಿ ಒತ್ತಿ ಕೂರಿಸಿ, ನಡುವೆ ಹನ್ನೆರಡೇ ಅಡಿಯ ಕಾಲುದಾರಿ ಬಿಟ್ಟರು. ಒಂದರ ಗೋಡೆ ಇನ್ನೊಂದಕ್ಕೆ ನೆರಳು. ಕಾರು, ಅಗ್ನಿಶಾಮಕದ ಗಾಡಿ ಎಲ್ಲ ಹಿತ್ತಲ ಕಡೆಯಿಂದ. ದಾರಿಯ ಮೇಲೆ, ಊರಿನ ಅಭ್ಯಾಸಬಲದಿಂದ, ಮೂರು ಇಂಗ್ಲಿಷ್ ಅಕ್ಷರ ಬರೆದರು: ಓ, ಎನ್, ಐ.

ನಕ್ಷೆ ನೋಡಬೇಕಾದ ಮೇಲಧಿಕಾರಿ ಮೈಸೂರಿನ ನಿರಂಜನ್. ಎರಡು ದಿನ ನಿಯಮದ ಪುಸ್ತಕಗಳನ್ನು ತಿರುವಿ ಸೋತು ಬಂದರು.

"ಈ ಓ-ಎನ್-ಐ ಯಾವ ಕೋಡು ಮೇಡಂ? ಎಲ್ಲೂ ಸಿಗ್ತಾನೇ ಇಲ್ವಲ್ಲ!"

"ಓಣಿ ರೀ ಅದು, ಓಣಿ! ಮೈಸೂರಾಗ ಓಣಿ ಇಲ್ಲೇನ್ರಿ?"

ನಿರಂಜನ್ ನಕ್ಕರು, ನಗು ಬೇಗ ಆರಿತು. "ಕ್ಲೈಂಟ್ ಒಪ್ಪಲ್ಲ. ನಲವತ್ತಡಿ ರೋಡ್ ಬೇಕಂತೆ, ಮನೆ ಮುಂದೇನೇ ಕಾರ್ ನಿಲ್ಬೇಕಂತೆ. ಚೇಂಜ್ ಮಾಡ್ಬಿಡಿ."

"ಆ ಮಂದಿ ಕಾರಿನ್ಯಾಗ ಸಂಸಾರ ಮಾಡ್ತಾರೇನ್ರಿ? ಬೇಕಾದ್ರ ನಕ್ಷಾದಾಗಿಂದ ನನ್ನ ಹೆಸರು ತೆಗೀರಿ. ಓಣಿ ಮುಟ್ಟಬ್ಯಾಡ್ರಿ."

"ಹಾಗಾದ್ರೆ ನೀವೇ ಹೋಗಿ ಒಪ್ಸಿ. ಒಪ್ಪದಿದ್ರೆ ಈ ಕೆಲಸ ಬೇರೆಯವರಿಗೆ."

ಷಹನಾಜ್ ಜುಲೈ ತಿಂಗಳಲ್ಲೇ ಅರಿಜೋನಾಕ್ಕೆ ಹೊರಟರು. ಸಭೆಯನ್ನು ಬಡಾವಣೆ ಏಳಬೇಕಿದ್ದ ಬಯಲಿಗೇ ಕರೆದರು. ಸಂಜೆ ನಾಲ್ಕು ಗಂಟೆ, ನೂರಾಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್. ಪ್ಲೈವುಡ್ ಹಲಗೆಗಳನ್ನು ಹನ್ನೆರಡು ಅಡಿ ಅಂತರದಲ್ಲಿ ಎರಡು ಸಾಲಾಗಿ ನಿಲ್ಲಿಸಿ, ತಾವು ಬಿಸಿಲಿನಲ್ಲಿ ನಿಂತು ನಕ್ಷೆ ವಿವರಿಸತೊಡಗಿದರು. ಬೇಕೆಂದೇ ನಿಧಾನವಾಗಿ. ಹತ್ತು ನಿಮಿಷ ಕಳೆದಿರಲಿಲ್ಲ, ಕ್ಲೈಂಟ್ ಬೆವರೊರೆಸಿಕೊಳ್ಳುತ್ತ ಹಲಗೆಗಳ ನಡುವಿನ ನೆರಳಿಗೆ ಸರಿದರು. ಅವರ ಬೆನ್ನಿಗೆ ಉಳಿದವರೂ. ಷಹನಾಜ್ ಮಾತ್ರ ಬಿಸಿಲಿನಿಂದ ಕದಲಲಿಲ್ಲ.

"ಈಗ ಹೇಳಿ, ನಲವತ್ತು ಅಡಿ ಮಾಡಲೇ?"

ಓಣಿ ಉಳಿಯಿತು.

ಈಗ 2009. ಆ ಆಫೀಸು ಮುಚ್ಚಿಹೋಗಿದೆ. ಷಹನಾಜ್ ರಾಚೆಸ್ಟರ್ ಹಿಲ್ಸಿನ ಮನೆಯಲ್ಲಿ, ಊಟದ ಮೇಜಿನ ಮೇಲೆ, ಅದೇ ಮರುಭೂಮಿಯ ಇನ್ನೊಂದು ಬಡಾವಣೆಯ ನಕ್ಷೆ ಹರವಿಕೊಂಡು ಕುಳಿತಿದ್ದಾರೆ. ದಾರಿ ಅಗಲ ಮಾಡಿ ಎಂದು ಹೊಸ ಕ್ಲೈಂಟ್ ಅದನ್ನು ಎರಡು ಸಲ ಹಿಂದಿರುಗಿಸಿದ್ದಾರೆ. ಮೂರನೆಯ ಸಲವೂ ಅದೇ ಹಾಳೆ ಹೋಗುತ್ತಿದೆ. ಬದಲಾವಣೆ ಒಂದೇ: ಈ ಬಾರಿ ಓಣಿ ಎಂದು ಕನ್ನಡದಲ್ಲೇ ಬರೆದಿದ್ದಾರೆ.