ನೆರಳಿದ್ದ ಕಡೆಗೆ ಬಂದ ಆಟ

ಬಹ್ರೇನ್‌ನ ಅರಾದಿನಲ್ಲಿರುವ ನಮ್ಮ ಸಾಫ್ಟ್‌ಬಾಲ್ ಮೈದಾನಕ್ಕೆ ನವೆಂಬರ್ ಮೊದಲ ಶುಕ್ರವಾರ ಗ್ಯಾಲರಿ ಬಂತು. ನಾಲ್ಕು ಸಾಲು ಬೆಂಚು, ಎರಡೂ ಕಡೆ ಇಳಿಜಾರಾದ ತಗಡಿನ ಚಾವಣಿ, ಬೆನ್ನಿಗೆ ತಗಡಿನ ಗೋಡೆ. ಕಟ್ಟಿಸಿದವರು ನಮ್ಮ ತಂಡದ ಕೋಚ್, ಉಡುಪಿ ಕಡೆಯ ಅಂಕಲ್. ಮಳೆನೀರು ಇಳಿಯಲು ಪೈಪನ್ನೂ ಹಾಕಿಸಿದ್ದರು. ದಿನಚರಿಯಲ್ಲಿ ನಾನು ದಿನವೂ ಹವೆ ಬರೆದಿಡುತ್ತೇನೆ; ಆ ತಿಂಗಳಿಡೀ ಮಳೆಯೆಂಬ ಪದವೇ ಇಲ್ಲ.

ಅಂಕಲ್ ಮರೆತದ್ದು ಬಿಸಿಲನ್ನು. ಗ್ಯಾಲರಿಯ ಮುಖ ಪಶ್ಚಿಮಕ್ಕೆ, ಪಂದ್ಯ ಶುರುವಾಗುವುದು ಮಧ್ಯಾಹ್ನ ಮೂರಕ್ಕೆ. ಸೂರ್ಯ ಚಾವಣಿಯ ಅಡಿಯಿಂದ ನುಗ್ಗಿ ನೇರ ಕಣ್ಣಿಗೆ ಹೊಡೆಯುತ್ತಿದ್ದ. ಸ್ವಲ್ಪ ಹೊತ್ತಿಗೇ ನೋಡಲು ಬಂದವರೆಲ್ಲ ಎದ್ದು, ಗೋಡೆಯ ಹಿಂದೆ ಕಾರು ನಿಲ್ಲಿಸುವ ಮರಳಿನ ಜಾಗಕ್ಕೆ ಹೋಗಿ, ನೆರಳಿನಲ್ಲಿ ಆಟಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು.

ಅವರಲ್ಲಿ ಅಮ್ಮನೂ ಒಬ್ಬಳು. ನಾನು ಕಾಲೇಜಿನಲ್ಲಿ ಆಡುತ್ತಿದ್ದಾಗ ಅವಳಿಗೆ ಕೆಲಸದಿಂದ ಬಿಡುವಾಗಿರಲಿಲ್ಲ. ಈ ಸಲ ಒಂದಾದರೂ ಪಂದ್ಯ ನೋಡಿಯೇ ಹೋಗುವುದೆಂದು ದಾವಣಗೆರೆಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಬಿಸಿಲು ಬಿದ್ದರೆ ಅವಳಿಗೆ ಅರೆತಲೆನೋವು. ಹಾಗಾಗಿ ಅವಳ ಪಾಲಿಗೆ ದಕ್ಕಿದ್ದು ಬ್ಯಾಟಿನ ಸದ್ದು ಮಾತ್ರ. ಅದರಲ್ಲಿ ನನ್ನದು ಯಾವುದೆಂದು ಮನೆಗೆ ಹೋಗುವಾಗ ಕೇಳುತ್ತಿದ್ದಳು. ಇನ್ನೊಂದು ಪಂದ್ಯ ಕಳೆದರೆ ಉಳಿಯುವುದು ಫೈನಲ್ ಒಂದೇ. ಅದರ ಮರುದಿನ ಅವಳ ವಿಮಾನ.

ಮೂರನೇ ಶುಕ್ರವಾರ ಅಂಕಲ್ ನೀರಿನ ಬಾಟಲಿಗಳೊಂದಿಗೆ ಗೋಡೆಯ ಹಿಂದೆ ಬಂದು, ದಯವಿಟ್ಟು ಬೆಂಚಿನ ಮೇಲೆ ಕೂತುಕೊಳ್ಳಿ ಎಂದು ಎಲ್ಲರನ್ನೂ ಕೇಳಿಕೊಂಡರು. ಅಮ್ಮ ಅಲುಗಾಡಲಿಲ್ಲ.

"ನಾವು ಇಲ್ಲೇ ಕುಂತೀವ್ರಿ. ಬೇಕಂದ್ರೆ ನೀವೇ ಈ ಕಡೆ ಬಂದು ಆಡ್ರಿ."

ಎಲ್ಲರೂ ನಕ್ಕರು. ಅಂಕಲ್ ನಗಲಿಲ್ಲ. ಕಾರುಗಳ ನಡುವೆ ನಡೆದು ಆ ಜಾಗದ ಉದ್ದಗಲ ನೋಡಿ ಬಂದರು.

"ಅಕ್ಕ ಹೇಳಿದ್ದು ಸರಿ ಉಂಟು ಮಾರಾಯ್ತಿ," ಎಂದರು ನನಗೆ. "ಗ್ಯಾಲರಿ ಅಲ್ಲೇ ಇರ್ಲಿ. ಆಟವನ್ನೇ ಈಚೆ ತರುವ."

ಜಾಗದ ಮಾಲೀಕರು, ಹಿರಿಯ ಬಹ್ರೇನಿಯೊಬ್ಬರು, ಕಾರು ಎಲ್ಲಿ ನಿಂತರೇನು ಎಂದು ಒಪ್ಪಿದರು. ಮುಂದಿನ ಎರಡು ಶುಕ್ರವಾರ ಪಂದ್ಯವಿರಲಿಲ್ಲ. ತಗಡಿನ ಗೋಡೆಯನ್ನು ಬಿಚ್ಚಿ ಗ್ಯಾಲರಿಯ ಪಶ್ಚಿಮದ ಬದಿಗೆ ಜಡಿದೆವು, ಬೆಂಚುಗಳನ್ನು ತಿರುಗಿಸಿದೆವು. ಕಲ್ಲು ಹೆಕ್ಕಿ, ಮರಳು ಸಮ ಮಾಡಿ, ರೋಲರ್ ಎಳೆದು, ಬೇಸ್‌ಗಳನ್ನು ಹೊಸದಾಗಿ ಅಳೆದು ಕೂರಿಸಿದೆವು. ಹಳೆಯ ಮೈದಾನ ಪಾರ್ಕಿಂಗ್ ಆಯಿತು. ಬ್ಯಾಟ್ ಹಿಡಿದವರ ಕಣ್ಣಿಗೆ ಬೀಳುತ್ತಿದ್ದ ಸೂರ್ಯನೂ ಈಗ ಬೆನ್ನ ಹಿಂದೆ ಹೋದ.

ಫೈನಲ್‌ಗೆ ಬೆಂಚುಗಳೆಲ್ಲ ತುಂಬಿದ್ದವು. ಅಮ್ಮ ಮೊದಲ ಸಾಲಿನಲ್ಲಿ, ಪೂರ್ತಿ ನೆರಳಿನಲ್ಲಿ. ಎದುರಾಳಿ ಮನಾಮಾದ ಫಿಲಿಪಿನೋ ತಂಡ. ಕೊನೆಯ ಇನ್ನಿಂಗ್ಸ್‌ನಲ್ಲಿ ಐದು–ಐದು, ಎರಡನೇ ಬೇಸ್‌ನಲ್ಲಿ ನಮ್ಮವಳೊಬ್ಬಳು, ಬ್ಯಾಟ್ ನನ್ನ ಕೈಯಲ್ಲಿ. ಚೆಂಡು ಬಲಗಡೆಯ ಇಬ್ಬರು ಫೀಲ್ಡರ್‌ಗಳ ನಡುವೆ ಹಾರಿತು. ನಾನು ಮೊದಲ ಬೇಸ್ ದಾಟುವಷ್ಟರಲ್ಲಿ ನಮ್ಮವಳು ಹೋಮ್ ಬೇಸ್ ಮುಟ್ಟಿದ್ದಳು; ಆರು–ಐದು, ಗೆದ್ದೆವು. ಅಂಕಲ್ ಗ್ಯಾಲರಿಯ ತಗಡನ್ನು ಡೋಲಿನಂತೆ ಬಡಿದರು.

ಕಾರಿನಲ್ಲಿ ಅಮ್ಮ ಸದ್ದಿನ ಬಗ್ಗೆ ಕೇಳಲಿಲ್ಲ.

"ಓಡೋವಾಗ ತಿರುಗಿ ನನ್ನ ಯಾಕೆ ನೋಡ್ದೆ? ಬಿದ್ದಿದ್ರೆ?"

ಎರಡು ಸಲ ನೋಡಿದ್ದೆ. ಎರಡನ್ನೂ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.